ಹೂತಿಟ್ಟ ಪರಮಾಣು ತ್ಯಾಜ್ಯದ ಅಪಾಯವನ್ನು ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ:
ನಾನು ಥೈರಾಯ್ಡ್ ಕ್ಯಾನ್ಸರ್ ವಿಭಾಗದಲ್ಲಿ ನರ್ಸ್. ನಮ್ಮ ರೋಗಿಗಳಿಗೆ ಅಯೋಡಿನ್-131 ಕೊಡುತ್ತೇವೆ. ಅದರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕೆ ಇಳಿಯುವ ಸಮಯ, 8 ದಿನ. ಅವರ ಮೂತ್ರವನ್ನು ಟ್ಯಾಂಕಿನಲ್ಲಿ ಹಿಡಿದಿಟ್ಟು, ವಿಕಿರಣ ಇಳಿದ ಮೇಲೆಯೇ ಚರಂಡಿಗೆ ಬಿಡುತ್ತೇವೆ. 80 ದಿನ ಕಾದರೆ ಸಾವಿರಕ್ಕೆ ಒಂದು ಪಾಲು ಉಳಿಯುತ್ತದೆ. ಕಾಯುವುದೇ ನಮಗೆ ಗೊತ್ತಿರುವ ದಾರಿ.

ಈಗ ಫಿನ್ಲೆಂಡಿನ ಒಂಕಾಲೊ ಬಗ್ಗೆ ಓದುತ್ತಿದ್ದೇನೆ. ಪರಮಾಣು ಸ್ಥಾವರದಲ್ಲಿ ಬಳಸಿದ ಇಂಧನವನ್ನು 400 ಮೀಟರಿಗೂ ಜಾಸ್ತಿ ಆಳದಲ್ಲಿ, ಬಂಡೆಯೊಳಗೆ ಇಡುತ್ತಾರಂತೆ. ಅದರಲ್ಲಿರುವ ಪ್ಲುಟೋನಿಯಂ-239ರ ಅರ್ಧಾಯುಷ್ಯವೇ 24,000 ವರ್ಷ. ಅಷ್ಟು ದಿನ ಕಾಯುವವರು ಯಾರು? ಜನರಿಗೆ ತೊಂದರೆ ಇಲ್ಲ ಅಂತ ಯಾವ ಧೈರ್ಯದ ಮೇಲೆ ಬರೆಯುತ್ತಾರೆ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1:
ಮೇಡಂ, ನಾನು 20 ವರ್ಷದಿಂದ ಅಂತರ್ಜಲದ ಕೆಲಸ ಮಾಡುತ್ತಿದ್ದೇನೆ. ನನ್ನ ಸಲಹೆ ಇಷ್ಟೇ: ವರ್ಷ ಎಣಿಸುವುದನ್ನು ಸ್ವಲ್ಪ ಬದಿಗಿಡಿ, ನೀರಿನ ಹಿಂದೆ ಹೋಗಿ. ಹೂತ ತ್ಯಾಜ್ಯ ತಾನಾಗಿ ನಡೆದು ಬರುವುದಿಲ್ಲ, ನೀರು ಅದನ್ನು ಹೊತ್ತು ತರಬೇಕು.

ಒಂಕಾಲೊದಲ್ಲಿ ಇಂಧನ ಇರುವುದು ತಾಮ್ರದ ದಪ್ಪ ಡಬ್ಬಿಯಲ್ಲಿ, ಅದರೊಳಗೆ ಎರಕದ ಕಬ್ಬಿಣ. ಸುತ್ತ ಬೆಂಟೋನೈಟ್ ಜೇಡಿ. ಒದ್ದೆಯಾದರೆ ಅದು ಉಬ್ಬಿ ಸಂದುಗಳನ್ನು ಮುಚ್ಚುತ್ತದೆ. ಆಮೇಲೆ ಬಂಡೆಯ ಬಿರುಕು, ಕೊನೆಗೆ ಯಾರದೋ ಬಾವಿ. ಅಲ್ಲೇ ಬಾವಿ ತೋಡಿ ಕುಡಿದು, ಅದೇ ನೀರಲ್ಲಿ ತರಕಾರಿ ಬೆಳೆದು ತಿನ್ನುವ ಜನರಿಗೆ ಎಷ್ಟು ವಿಕಿರಣ ತಗಲುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಫಿನ್ಲೆಂಡಿನ ಮಿತಿ ವರ್ಷಕ್ಕೆ 0.1 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ). ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ಸಹಜವಾಗಿ ಬರುವುದು ಜಗತ್ತಿನ ಸರಾಸರಿಯಲ್ಲಿ ಸುಮಾರು 2.4.

ಪ್ಲುಟೋನಿಯಂ ಹೆದರಿಸುತ್ತದೆ ನಿಜ. ಆದರೆ ಅದು ನೀರಲ್ಲಿ ಸುಲಭವಾಗಿ ಕರಗುವುದಿಲ್ಲ, ಜೇಡಿಗೆ ಅಂಟಿಕೊಳ್ಳುತ್ತದೆ. ಗ್ಯಾಬೊನಿನ ಓಕ್ಲೊದಲ್ಲಿ ಸುಮಾರು 200 ಕೋಟಿ ವರ್ಷದ ಹಿಂದೆ ಯುರೇನಿಯಂ ಅದಿರು ತಾನೇ ರಿಯಾಕ್ಟರಿನಂತೆ ಉರಿದಿತ್ತು. ಅಲ್ಲಿ ಹುಟ್ಟಿದ ಪ್ಲುಟೋನಿಯಂ ಹೆಚ್ಚು ದೂರ ಹೋಗಿರಲಿಲ್ಲ.

ನನಗೆ ಚಿಂತೆ ನಿಮ್ಮ ಅಯೋಡಿನ್ನಿನ ಅಣ್ಣನದು, ಈ ಇಂಧನದಲ್ಲೇ ಇರುವ ಅಯೋಡಿನ್-129. ಅರ್ಧಾಯುಷ್ಯ ಸುಮಾರು 1.57 ಕೋಟಿ ವರ್ಷ. ಕಾಯುವ ಮಾತೇ ಇಲ್ಲ. ಜೇಡಿಯ ಮೈಗೆ ನೆಗೆಟಿವ್ ಚಾರ್ಜ್, ಇದಕ್ಕೂ ನೆಗೆಟಿವ್, ಹಾಗಾಗಿ ಅಂಟದೆ ನೀರಿನ ಜೊತೆ ಸಾಗುತ್ತದೆ. ಒಂದು ಸಮಾಧಾನ: ಅಷ್ಟು ನಿಧಾನವಾಗಿ ಕ್ಷಯಿಸುವ ವಸ್ತು ಗ್ರಾಂ ಲೆಕ್ಕದಲ್ಲಿ ಬಹಳ ಕಡಿಮೆ ವಿಕಿರಣ ಹೊರಬಿಡುತ್ತದೆ.

ಉತ್ತರ 2:
ಲೆಕ್ಕ ಸರಿ ಇರಬಹುದು ಸರ್, ಆದರೆ ಎಡವಟ್ಟು ಆಗಿರುವುದು ಲಕ್ಷ ವರ್ಷದ ನಂತರ ಅಲ್ಲ, ಮೊದಲ ಕೆಲವು ದಶಕಗಳಲ್ಲೇ. ಜರ್ಮನಿಯ ಆಸ್ಸೆ ಉಪ್ಪಿನ ಗಣಿಯಲ್ಲಿ 1967ರಿಂದ 1978ರವರೆಗೆ ಸುಮಾರು 1,26,000 ಡ್ರಮ್ ಇಟ್ಟರು. ಈಗ ಒಳಗೆ ನೀರು ಜಿನುಗುತ್ತಿದೆ, ಎಲ್ಲವನ್ನೂ ವಾಪಸ್ ತೆಗೆಯಬೇಕು ಅಂತ ಕಾನೂನೇ ಆಗಿದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ನೆಲದಡಿ ತ್ಯಾಜ್ಯ ಇಡುವ ಜಾಗದಲ್ಲಿ, 2014ರಲ್ಲಿ ಒಂದು ಡ್ರಮ್ ಒಡೆಯಿತು. ತೇವ ಹೀರಲು ಮಣ್ಣಿನ ಪುಡಿ ಹಾಕುವ ಕಡೆ ಗೋಧಿಯಿಂದ ಮಾಡಿದ ಪುಡಿ ಹಾಕಿದ್ದರು. ಅದು ತ್ಯಾಜ್ಯದಲ್ಲಿದ್ದ ನೈಟ್ರೇಟ್ ಜೊತೆ ಸೇರಿ ಬಿಸಿಯಾಯಿತು. 20ಕ್ಕೂ ಹೆಚ್ಚು ಕೆಲಸಗಾರರ ಮೈಯಲ್ಲಿ ಸ್ವಲ್ಪ ವಿಕಿರಣ ಪತ್ತೆಯಾಯಿತು, ಜಾಗ ಸುಮಾರು ಮೂರು ವರ್ಷ ಮುಚ್ಚಿತು. ಆರೋಗ್ಯದ ಅಪಾಯ ಅಂದಾಗ ಈ ಕೆಲಸಗಾರರನ್ನೇ ಮೊದಲು ಎಣಿಸಬೇಕು ಅಲ್ವಾ?

ಉತ್ತರ 1:
ಖಂಡಿತ. ಅದಕ್ಕೇ ಯಾವ ಸುರಕ್ಷತಾ ವರದಿ ಸಿಕ್ಕರೂ ನಾನು ಮೊದಲು ತೆರೆಯುವುದು "ಕೈಕೊಟ್ಟರೆ ಏನು" ಎನ್ನುವ ಅಧ್ಯಾಯ. ಮೊದಲ ದಿನವೇ ಡಬ್ಬಿಯಲ್ಲಿ ತೂತಿದ್ದರೆ? ಹಿಮಯುಗ ಬಂದು ಕರಗಿದ ನೀರು ಆಳಕ್ಕಿಳಿದರೆ? ನೀರಿನ ಸಲ್ಫೈಡ್ ತಾಮ್ರವನ್ನು ತಿಂದರೆ? ಸ್ವೀಡನ್ನಿನ ಇಂಥದ್ದೇ ತಾಮ್ರದ ಡಬ್ಬಿಯ ಯೋಜನೆಗೆ 2018ರಲ್ಲಿ ಪರಿಸರ ನ್ಯಾಯಾಲಯ ಈ ತಾಮ್ರದ ವಿಷಯಕ್ಕೇ ಇನ್ನಷ್ಟು ಪುರಾವೆ ಕೇಳಿತು. ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2022ರಲ್ಲಿ. ಆ ಅಧ್ಯಾಯ ತೆಳ್ಳಗಿದ್ದರೆ ಉಳಿದದ್ದನ್ನು ಸುಮ್ನೆ ನಂಬಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ನಾಳೆ ಡ್ಯೂಟಿ ಮುಗಿಸಿ ಆ ಅಧ್ಯಾಯ ಓದುತ್ತೇನೆ. ಒಂದೇ ಪ್ರಮಾಣದ ಅಯೋಡಿನ್ ಹೊಟ್ಟೆಗೆ ಹೋದರೂ ಮಕ್ಕಳ ಪುಟ್ಟ ಥೈರಾಯ್ಡಿಗೆ ದೊಡ್ಡವರಿಗಿಂತ ಜಾಸ್ತಿ ವಿಕಿರಣ ತಗಲುತ್ತದೆ. ಆ ಬಾವಿಯ ನೀರು ಕುಡಿಯುವ ಮನೆಯಲ್ಲಿ ಒಂದು ಮಗುವನ್ನೂ ಲೆಕ್ಕಕ್ಕೆ ತಗೊಂಡಿದ್ದಾರಾ ಅಂತ ಮೊದಲು ನೋಡುತ್ತೇನೆ.