ಅಪ್‌ಡೇಟ್: ಸೊಂಟಕ್ಕೆ ಸಡಿಲ, ತೊಡೆಗೆ ಬಿಗಿ
ಹೆಂಗಸರ ಒಂದೇ ಸೈಜಿನ ಪ್ಯಾಂಟ್ ಒಂದು ಕಂಪನಿಯದಾದರೆ ಜಾರುತ್ತದೆ, ಇನ್ನೊಂದರದು ತೊಡೆ ದಾಟುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಚೀಟಿಯ ಸಂಖ್ಯೆ ಬಿಟ್ಟು ಟೇಪು ಹಿಡಿಯಿರಿ ಎಂದವರಿಗೆ ವಂದನೆಗಳು. ಸರಿಯಾಗಿ ಕೂರುವ ಹಳೆಯ ಪ್ಯಾಂಟನ್ನು ನೆಲದ ಮೇಲೆ ಹರಡಿ ಸೊಂಟ, ನಿತಂಬ, ತೊಡೆ, ಒಳಗಾಲಿನ ಉದ್ದ ಎಲ್ಲವನ್ನೂ ಸೆಂಟಿಮೀಟರಿನಲ್ಲಿ ಬರೆದುಕೊಂಡೆ. ನಿತಂಬಕ್ಕೆ ಹೊಂದುವುದನ್ನು ಕೊಂಡು, ಸೊಂಟವನ್ನು ದರ್ಜಿಯಿಂದ ಹಿಡಿಸಿದೆ. ಚೆನ್ನಾಗಿ ಕೂತಿದೆ.

ಸಿಟ್ಟು ಮಾತ್ರ ಇಳಿದಿಲ್ಲ. ಅಮೆರಿಕ 1958ರಲ್ಲಿ ಹೆಂಗಸರ ಉಡುಪಿಗೆ ಅಳತೆಯ ಮಾನದಂಡ ತಂದು 1983ರಲ್ಲಿ ಕೈಬಿಟ್ಟಿತು. ಕಂಪನಿಗಳು ಮನಬಂದಂತೆ ಸಂಖ್ಯೆ ಹಚ್ಚುತ್ತಿವೆ. ಗಂಡಸರ ಪ್ಯಾಂಟಿಗೆ ಸೊಂಟ, ಉದ್ದ ಎರಡನ್ನೂ ನಮೂದಿಸುವವರಿಗೆ ನಮ್ಮದಕ್ಕೆ ಏನು ಅಡ್ಡಿ? ದೊಡ್ಡ ಸೈಜುಗಳಂತೂ ಇನ್ನೂ ಕಪ್ಪು, ಕಡುನೀಲಿಯಲ್ಲೇ ಮುಗಿಯುತ್ತವೆ. ಇದಕ್ಕೆ ದಾರಿ ಕಂಡವರು ದಯವಿಟ್ಟು ತಿಳಿಸಿ.