ಜಾಥಾ ಮುಗಿದ ಮೇಲೆ ಏನು? ಮಾನಸಿಕ ಆರೋಗ್ಯದ ವಿಷಯ ಊರಿಗೂ ಶಾಸಕರಿಗೂ ಮುಟ್ಟಿಸುವ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಯುವಕ ಸಂಘದ ಕಾರ್ಯದರ್ಶಿ, ಹಾವೇರಿ ಜಿಲ್ಲೆ

ನಮಸ್ಕಾರ ಮೇಡಂ. ಪ್ರತಿ ವರ್ಷ ಅಕ್ಟೋಬರ್ 10ಕ್ಕೆ ವಿಶ್ವ ಮಾನಸಿಕ ಆರೋಗ್ಯ ದಿನ ಅಂತ ಶಾಲೆ ಮಕ್ಕಳನ್ನ ಕರ್ಕೊಂಡು ಜಾಥಾ ಮಾಡ್ತೀವಿ, ಬ್ಯಾನರ್ ಕಟ್ತೀವಿ, ಭಾಷಣ ಮಾಡಿಸ್ತೀವಿ. ಮರುದಿನ ಯಾರಿಗೂ ನೆನಪಿರಲ್ಲ. ಪಂಚಾಯ್ತಿಯವರೂ ಶಾಸಕರೂ ನೀರು, ರಸ್ತೆ ಬಿಟ್ಟು ಬೇರೇನೂ ಕಿವಿಗೆ ಹಾಕ್ಕೊಳ್ಳಲ್ಲ. ಈ ಸಲ ಕೈಯಲ್ಲಿ 8 ಸಾವಿರ ಇದೆ, ಮೂರು ತಿಂಗಳು ಸಮಯ ಇದೆ. ಏನು ಮಾಡಬಹುದು?

ಉತ್ತರ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ

ನಮಸ್ಕಾರ. ಮೊದಲ ಎರಡು ವಾರ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಮಂಗಳವಾರ ಬೆಳಿಗ್ಗೆ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರಲು ನಿಗದಿಯಾದ ದಿನ ಅದು. ಡಾಕ್ಟರು ನಿಜಕ್ಕೂ ಬರುತ್ತಾರಾ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಯಾವ ಕೊಠಡಿ, ಮಾತ್ರೆ ಅಲ್ಲೇ ಕೊಡುತ್ತಾರಾ ಅಥವಾ ಹೊರಗೆ ಬರೆದುಕೊಡುತ್ತಾರಾ ಎಂದು ಬರೆದುಕೊಳ್ಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದ ಫೋನ್ ನಂಬರನ್ನೂ ಕೇಳಿ.

ಇದನ್ನೇ ಮೊದಲು ಹೇಳುವುದಕ್ಕೆ ಕಾರಣವಿದೆ. ಜನರಿಗೆ ತಿಳಿವಳಿಕೆ ಕೊಟ್ಟು ಕಳಿಸಿದ ದಿನ ಅಲ್ಲಿ ಡಾಕ್ಟರೂ ಇಲ್ಲ, ಮಾತ್ರೆಯೂ ಇಲ್ಲ ಅಂದರೆ ಅವರು ಎರಡನೇ ಸಲ ಬರುವುದಿಲ್ಲ. ಬರೀ ಬರದೇ ಇದ್ದರೆ ಪರವಾಗಿಲ್ಲ, ಊರಿಗೆ ಹೋಗಿ ‘ಅಲ್ಲೇನೂ ಇಲ್ಲ’ ಅನ್ನುತ್ತಾರೆ. ಆ ಮಾತನ್ನು ಅಳಿಸಲು ವರ್ಷಗಟ್ಟಲೆ ಬೇಕು.

ಇನ್ನು ದುಡ್ಡು. ಬ್ಯಾನರ್ ಬಿಡಿ, ಗೋಡೆ ಬರಹ ಮಾಡಿಸಿ. ಜನ ನಿಂತು ಕಾಯುವ ಜಾಗ ಬೇಕು: ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ, ಬಸ್ ನಿಲ್ದಾಣ, ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರಗೋಡೆ. ‘ಮಾನಸಿಕ ಆರೋಗ್ಯವೇ ಮಹಾಭಾಗ್ಯ’ ಅಂತ ಬರೆಸಿದರೆ ಯಾರೂ ತಮಗೆ ಅಂದುಕೊಳ್ಳುವುದಿಲ್ಲ. ಖಿನ್ನತೆ ಇರುವವರು ‘ನನಗೆ ಖಿನ್ನತೆ’ ಅಂತ ಬರುವುದು ಅಪರೂಪ. ಎದೆ ಹೊಡ್ಕೊಳ್ಳುತ್ತೆ, ಮೈಯೆಲ್ಲ ಉರಿ, ತಲೆ ಭಾರ, ಊಟ ಸೇರಲ್ಲ ಅಂತ ಬರುತ್ತಾರೆ. ಅವರ ಮಾತಲ್ಲೇ ಬರೆಯಿರಿ:

‘ಎರಡು ವಾರದಿಂದ ನಿದ್ದೆ ಇಲ್ಲವೇ? ಯಾವುದರಲ್ಲೂ ಮನಸ್ಸಿಲ್ಲವೇ? ಬದುಕು ಸಾಕು ಅನ್ನಿಸುತ್ತಿದೆಯೇ? 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಉಚಿತ, ಕನ್ನಡದಲ್ಲಿ. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ.’

14416 ಅಂದರೆ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್. 2022ರ ಅಕ್ಟೋಬರ್ 10ರಂದು ಶುರುವಾಯಿತು, ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಆ ಐದು ಅಂಕಿ ಮಿಕ್ಕ ಅಕ್ಷರದ ಎರಡರಷ್ಟು ದೊಡ್ಡದಿರಲಿ, ರಸ್ತೆಯ ಆಚೆ ಬದಿಯಿಂದ ಓದುವಂತಿರಲಿ. ಮಂಗಳವಾರದ ಸಾಲನ್ನು ನೀವೇ ಹೋಗಿ ಖಚಿತ ಮಾಡಿಕೊಂಡ ಮೇಲಷ್ಟೇ ಬರೆಸಿ. ಕೆಲವು ಕಡೆ ದಿನ ಬದಲಾಗಿರುತ್ತದೆ.

ಭಾಷಣದ ಬದಲು, ಕಾಯಿಲೆ ಬಂದು ಚಿಕಿತ್ಸೆ ತೆಗೆದುಕೊಂಡು ಈಗ ಕೆಲಸ ಮಾಡಿಕೊಂಡಿರುವ ಒಬ್ಬರಿಂದ ಮಾತಾಡಿಸಿ. ಕಳಂಕ ಕಡಿಮೆ ಮಾಡಲು ಇಂಥ ನೇರ ಒಡನಾಟವೇ ಹೆಚ್ಚು ಫಲ ಕೊಡುತ್ತದೆ ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗದ 2022ರ ವರದಿಯೂ ಹೇಳಿದೆ. ಆದರೆ ಹೆಚ್ಚು ಎಡವಟ್ಟಾಗುವುದೂ ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅವರು ಸ್ವಂತ ಇಷ್ಟದಿಂದ ಒಪ್ಪಿರಬೇಕು, ಡಾಕ್ಟರ ಮಾತಿಗೆ ಕಟ್ಟುಬಿದ್ದು ಅಲ್ಲ. ಕಾರ್ಯಕ್ರಮದ ದಿನ ಬೆಳಿಗ್ಗೆ ಬೇಡ ಅಂದರೂ ಸರಿ ಅನ್ನಬೇಕು. ಮೊದಲ ಸಲ ಅವರ ಸ್ವಂತ ಊರಲ್ಲಿ ಬೇಡ. ವೇದಿಕೆ, ಮೈಕು ಬೇಡ, 20ರಿಂದ 30 ಜನ ಸುತ್ತ ಕೂರಲಿ. ಹತ್ತು ನಿಮಿಷ ಸಾಕು: ಹೇಗೆ ಶುರುವಾಯಿತು, ಯಾರು ಕೈ ಹಿಡಿದರು, ಈಗ ದಿನ ಹೇಗೆ ಸಾಗುತ್ತದೆ. ‘ನೀವು ಯಾರಿಗಾದ್ರೂ ಹೊಡೆದಿದ್ರಾ?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆ ಪ್ರಶ್ನೆಯನ್ನು ತಮ್ಮ ಮೇಲೆ ಹಾಕಿಕೊಂಡು ಉತ್ತರಿಸಲು ಪಕ್ಕದಲ್ಲಿ ಒಬ್ಬ ಸಿಬ್ಬಂದಿ ಕೂತಿರಲಿ. ವಿಡಿಯೋ, ಸ್ಟೇಟಸ್ ಖಂಡಿತ ಬೇಡ. ಬಸ್ ಚಾರ್ಜು, ಆ ದಿನದ ಕೂಲಿ ಕೊಡಿ. ಮರುದಿನ ಫೋನ್ ಮಾಡಿ ವಿಚಾರಿಸಿ, ಎಷ್ಟೋ ಜನಕ್ಕೆ ಮಾತಾಡಿದ ರಾತ್ರಿ ನಿದ್ದೆ ಬಂದಿರುವುದಿಲ್ಲ.

‘ಇದು ಬರೀ ಮೆದುಳಿನ ಕಾಯಿಲೆ ಅಷ್ಟೇ’ ಅಂತ ಒತ್ತಿ ಒತ್ತಿ ಹೇಳುವ ಅಭ್ಯಾಸವೂ ನಮ್ಮಲ್ಲಿದೆ. ಕೇಳಿದವರು ‘ಹಾಗಾದರೆ ಇವರು ಸರಿಹೋಗಲ್ಲ’ ಅಂತ ಇನ್ನೂ ದೂರ ಸರಿಯುತ್ತಾರೆ. ಚಿಕಿತ್ಸೆ, ಮನೆಯವರ ಆಸರೆ, ದುಡಿಮೆ ಮೂರೂ ಸೇರಿದರೆ ಬದುಕು ನಡೆಯುತ್ತದೆ ಎಂಬುದು ಕಣ್ಣಿಗೆ ಕಾಣಬೇಕು.

ಪ್ರಶ್ನೆ: ಗ್ರಾಮ ಪಂಚಾಯಿತಿ ಸದಸ್ಯೆ, ತುಮಕೂರು ಜಿಲ್ಲೆ

ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿದರೆ ನಗ್ತಾರೆ ಮೇಡಂ. ನಮ್ಮಲ್ಲಿ ಇಷ್ಟು ಜನಕ್ಕೆ ತೊಂದರೆ ಇದೆ ಅಂತ ಮನೆ ಮನೆ ಪಟ್ಟಿ ಮಾಡಿ ಇಟ್ಟರೆ ಒಪ್ಪಬಹುದಾ?

ಉತ್ತರ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ

ಅಕ್ಕಾ, ಹೆಸರಿನ ಪಟ್ಟಿ ಮಾತ್ರ ದಯವಿಟ್ಟು ಬೇಡ. ಸಭೆಯಲ್ಲಿ ಒಂದು ಹೆಸರು ಬಿದ್ದರೆ ಆ ಮನೆಯ ಹೆಣ್ಣುಮಗಳ ಮದುವೆಯ ಮಾತುಕತೆವರೆಗೂ ಅದು ಹೋಗುತ್ತದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಕಲಂ 23 ಗೋಪ್ಯತೆಯನ್ನು ಹಕ್ಕು ಎಂದೇ ಹೇಳಿದೆ.

ಪಟ್ಟಿಯ ಬದಲು ಲೆಕ್ಕ ಇಡಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆಗ ಯಾವುದಾದರೂ ಮಾನಸಿಕ ತೊಂದರೆ ಇತ್ತು, ಕುಡಿತದ ಸಮಸ್ಯೆಯೂ ಸೇರಿ. ನಿಮ್ಮ ಪಂಚಾಯಿತಿಯಲ್ಲಿ 4,000 ವಯಸ್ಕರಿದ್ದರೆ ಸುಮಾರು 420 ಜನ. ಕುಡಿತವೂ ಸೇರಿದೆ ಎಂದು ಹೇಳಿದ ಕೂಡಲೇ ನಗು ನಿಲ್ಲುತ್ತದೆ, ಅದರ ಬೇಗೆ ಹೆಂಗಸರಿಗೆಲ್ಲ ಗೊತ್ತು.

ಮೊದಲು ವಾರ್ಡ್ ಸಭೆಯಲ್ಲೇ ಎತ್ತಿ, ಅಲ್ಲಿಂದ ಬಂದ ವಿಷಯ ಗ್ರಾಮಸಭೆಯಲ್ಲಿ ತಳ್ಳಿಹಾಕುವುದು ಕಷ್ಟ. ‘ಜಾಗೃತಿ ಮೂಡಿಸಲು ತೀರ್ಮಾನಿಸಲಾಯಿತು’ ಅಂತ ಬರೆಸಬೇಡಿ, ಅದನ್ನು ಯಾರೂ ಮಾಡಬೇಕಿಲ್ಲ. ಹೀಗೆ ಬರೆಸಿ:

‘ಪಂಚಾಯಿತಿ ವ್ಯಾಪ್ತಿಯ ಐದು ಸ್ಥಳಗಳಲ್ಲಿ 14416 ಸಂಖ್ಯೆಯ ಗೋಡೆ ಬರಹವನ್ನು ಮುಂದಿನ 30 ದಿನಗಳಲ್ಲಿ ಮಾಡಿಸುವುದು, ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿ ವಾರ ಮನೋವೈದ್ಯರ ಸೇವೆ ಮತ್ತು ಔಷಧ ಲಭ್ಯವಿರುವಂತೆ ಕೋರಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಪತ್ರ ಬರೆಯುವುದು, ಮುಂದಿನ ಗ್ರಾಮಸಭೆಯಲ್ಲಿ ಉತ್ತರ ಮಂಡಿಸುವುದು.’

ನಿರ್ಣಯದ ಸಂಖ್ಯೆ ಕೇಳಿ ಬರೆದುಕೊಳ್ಳಿ, ನಡಾವಳಿಯ ನಕಲು ಪಡೆಯಿರಿ. ದೀರ್ಘಕಾಲದ ಕಾಯಿಲೆ ಇರುವವರಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪ್ರಮಾಣಪತ್ರ ಪಡೆಯಲು ಅವಕಾಶವಿದೆ. ನಿಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಚೀಟಿಯ ಅರ್ಜಿ ಹಾಕಿಸುತ್ತಾರೆ. ಅವರಿಗೆ ಕಣ್ಣು, ಕೈಕಾಲಿನ ಊನದ ಅರ್ಜಿ ರೂಢಿ. ಮಾನಸಿಕ ಕಾಯಿಲೆಯೂ ಇದರಲ್ಲಿ ಬರುತ್ತದೆ ಎಂದು ನೆನಪಿಸಬೇಕಾಗಬಹುದು.

ಪ್ರಶ್ನೆ: ರೋಗಿಯೊಬ್ಬರ ಅಣ್ಣ, ರಾಯಚೂರು ಜಿಲ್ಲೆ

ಸರ್, ಆಸ್ಪತ್ರೆಯಲ್ಲಿ ಮಾತ್ರೆ ಒಂದು ತಿಂಗಳು ಇದ್ರೆ ಎರಡು ತಿಂಗಳು ಇರಲ್ಲ. ಶಾಸಕರಿಗೆ ಮನವಿ ಕೊಟ್ಟರೆ ಹಿಂಬರಹ ಬರೆದು ಪಕ್ಕಕ್ಕಿಡ್ತಾರೆ.

ಉತ್ತರ: ಫಾರ್ಮಸಿ ಅಧಿಕಾರಿ, ಸರ್ಕಾರಿ ಆಸ್ಪತ್ರೆ

ಮಾತ್ರೆ ಖಾಲಿಯಾಗುವುದು ಹೆಚ್ಚಾಗಿ ಬೇಡಿಕೆ ಪಟ್ಟಿಯಲ್ಲೇ. ಔಷಧ ಸರಬರಾಜು ನಿಗಮಕ್ಕೆ ಹೋಗುವ ಪಟ್ಟಿಯನ್ನು ಹಿಂದಿನ ಬಳಕೆ ನೋಡಿ ತಯಾರಿಸುತ್ತಾರೆ. ಹಿಂದೆ ಎರಡು ತಿಂಗಳು ಮಾತ್ರೆ ಇರಲಿಲ್ಲ ಅಂದರೆ ಪುಸ್ತಕದಲ್ಲಿ ಬಳಕೆಯೇ ಕಡಿಮೆ ಕಾಣುತ್ತದೆ, ಮುಂದಿನ ಸಲ ಇನ್ನೂ ಕಡಿಮೆ ತರಿಸುತ್ತಾರೆ. ದಾಸ್ತಾನು ಪುಸ್ತಕದಲ್ಲಿ ರಿಸ್ಪೆರಿಡೋನ್ (ಮಾನಸಿಕ ಕಾಯಿಲೆಯ ಒಂದು ಮಾತ್ರೆ) ಪುಟ ತೆರೆದು ಆರಂಭಿಕ ಶಿಲ್ಕು, ಬಂದದ್ದು, ಕೊಟ್ಟದ್ದು, ಉಳಿದದ್ದು ಎಂಬ ನಾಲ್ಕು ಕಾಲಂ ನೋಡಿ. ‘ಉಳಿದದ್ದು’ ಸೊನ್ನೆಯಾದ ದಿನದಿಂದ ಮುಂದಿನ ‘ಬಂದದ್ದು’ ಬೀಳುವವರೆಗೆ ಎಷ್ಟು ದಿನ ಎಂದು ಎಣಿಸಿ. ಶಾಸಕರ ಮುಂದೆ ಇಡಬೇಕಾದ್ದು ಆ ಒಂದು ಸಂಖ್ಯೆ.

ಬೇಡಿಕೆಯ ಲೆಕ್ಕ ಕಷ್ಟದ್ದಲ್ಲ. 60 ರೋಗಿಗಳು, ದಿನಕ್ಕೆ 2 ಮಾತ್ರೆ, 90 ದಿನ ಅಂದರೆ 10,800. ಜೊತೆಗೆ ಒಂದು ತಿಂಗಳ ಹೆಚ್ಚುವರಿ 3,600. ಬಳಕೆ ನೋಡಬೇಡಿ, ನೋಂದಾಯಿತ ರೋಗಿಗಳನ್ನು ಎಣಿಸಿ ಪಟ್ಟಿ ಮಾಡಿ ಎಂದು ಕೇಳಿ.

ಉತ್ತರ: ನಿವೃತ್ತ ತಾಲ್ಲೂಕು ಪಂಚಾಯಿತಿ ಅಧಿಕಾರಿ

ಮೇಲಿನವರು ಹೇಳಿದ ಸಂಖ್ಯೆ ಕೈಗೆ ಬರಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ‘ಮಾತ್ರೆ ಏಕೆ ಇಲ್ಲ?’ ಎಂದು ಕೇಳಿದರೆ ತಿರಸ್ಕರಿಸುತ್ತಾರೆ, ಕಾರಣ ಕೇಳುವಂತಿಲ್ಲ, ದಾಖಲೆ ಕೇಳಬೇಕು: ‘ಕಳೆದ 12 ತಿಂಗಳಲ್ಲಿ ಮನೋವೈದ್ಯರು ಹಾಜರಿದ್ದ ದಿನಾಂಕಗಳು, ಆಯಾ ದಿನದ ಹೊರರೋಗಿಗಳ ಸಂಖ್ಯೆ, ರಿಸ್ಪೆರಿಡೋನ್, ಫ್ಲೂಒಕ್ಸೆಟಿನ್ ಮತ್ತು ಲಿಥಿಯಂ ದಾಸ್ತಾನು ಪುಟಗಳ ನಕಲು.’ ರೋಗಿಗಳ ಹೆಸರು ಕೇಳಬೇಡಿ. ಉತ್ತರಕ್ಕೆ 30 ದಿನ ಗಡುವು.

ಉತ್ತರ ಬಂದ ಮೇಲೆ ಶಾಸಕರ ಮನೆಗೆ ಹೋಗುವುದಕ್ಕಿಂತ ತಾಲ್ಲೂಕು ಕೆಡಿಪಿ ಸಭೆಗೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಗೆ ಗುರಿ ಇಡಿ. ಮೂರು ತಿಂಗಳಿಗೊಮ್ಮೆ ನಡೆಯುವ ಈ ಸಭೆಗೆ ಶಾಸಕರೇ ಅಧ್ಯಕ್ಷರು, ತಾಲ್ಲೂಕು ಆರೋಗ್ಯಾಧಿಕಾರಿ ಎದುರಿಗೆ ಕೂತಿರುತ್ತಾರೆ. ಸಭೆಯ ದಿನ ಕೊಟ್ಟ ಮನವಿ ಫೈಲಿಗೆ ಸೇರಿ ಅಲ್ಲೇ ಉಳಿಯುತ್ತದೆ, ಆದ್ದರಿಂದ ಆ ದಿನದವರೆಗೆ ಕಾಯಬೇಡಿ. ಒಂದು ವಾರ ಮುಂಚೆ ಶಾಸಕರ ಆಪ್ತ ಸಹಾಯಕರ ಕೈಗೆ ಒಂದೇ ಪುಟ ಕೊಡಿ: ಎಷ್ಟು ದಿನ ಮಾತ್ರೆ ಇರಲಿಲ್ಲ, ಎಷ್ಟು ರೋಗಿಗಳು, ಏನು ಆಗಬೇಕು. ಜೊತೆಗೆ ಗ್ರಾಮಸಭೆಯ ನಿರ್ಣಯದ ನಕಲು. ಕಾನೂನಿನ ಸಾಲು ಒಂದು ಸಾಕು: 2017ರ ಕಾಯ್ದೆಯ ಕಲಂ 18(10)ರ ಪ್ರಕಾರ ಅಗತ್ಯ ಔಷಧ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲ್ಪಟ್ಟ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲಕ್ಕೂ ಉಚಿತವಾಗಿ ಸಿಗಬೇಕು.

ಎರಡು ಕೆಡಿಪಿ ಸಭೆ ಕಳೆದರೂ ಆಗದಿದ್ದರೆ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳುವಂತೆ ಶಾಸಕರನ್ನು ವಿನಂತಿಸಿ. ಅದಕ್ಕೆ ಸಚಿವರು ಸದನದಲ್ಲೇ ಉತ್ತರ ಕೊಡಬೇಕು, ಮೇಲೆ ಉಪಪ್ರಶ್ನೆಯೂ ಕೇಳಬಹುದು. ಪ್ರಶ್ನೆಯನ್ನು ನೀವೇ ಎರಡು ಸಾಲಲ್ಲಿ ಬರೆದುಕೊಟ್ಟರೆ ಕೆಲಸ ಸುಲಭ.

ಪ್ರಶ್ನೆ: ಸ್ಥಳೀಯ ವರದಿಗಾರ, ಶಿವಮೊಗ್ಗ ಜಿಲ್ಲೆ

ಆತ್ಮಹತ್ಯೆಯ ಸುದ್ದಿ ಬರೆದರೆ ಜಾಗೃತಿ ಆಗುತ್ತೋ, ಹಾನಿಯೋ?

ಉತ್ತರ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ

ಬರೆಯುವ ರೀತಿ ನೋಡಿ. ವಿಧಾನ, ಜಾಗ, ಚೀಟಿಯಲ್ಲಿದ್ದ ಮಾತು, ಫೋಟೋ ಯಾವುದೂ ಬೇಡ. ‘ಪರೀಕ್ಷೆಯಲ್ಲಿ ಫೇಲಾಗಿದ್ದಕ್ಕೆ’ ಎಂದು ಒಂದೇ ಕಾರಣ ಹೊರಿಸಬೇಡಿ, ಅದೇ ಸ್ಥಿತಿಯಲ್ಲಿರುವ ಮತ್ತೊಂದು ಮಗು ಅದನ್ನು ದಾರಿ ಎಂದು ಓದುತ್ತದೆ. ಕೊನೆಗೆ 14416 ಹಾಕಿ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಇಂಥ ಸೂಚನೆ ಹೊರಡಿಸಿದೆ. ಬದುಕುಳಿದವರ ಮೇಲೆ ‘ಕೇಸ್ ದಾಖಲು’ ಎಂದು ಬರೆಯುವ ಮುನ್ನ ಠಾಣೆಯಲ್ಲಿ ಮತ್ತೊಮ್ಮೆ ಕೇಳಿ: 2017ರ ಕಾಯ್ದೆಯ ಕಲಂ 115 ಅವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸುತ್ತದೆ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ.

ಪ್ರಶ್ನೆ: ಆಶಾ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ

ನಮ್ಮ ಕಡೆ ಗಾಳಿ ಸೋಕಿದೆ ಅಂತ ಮೊದಲು ದೇವರ ಗುಡಿಗೇ ಹೋಗ್ತಾರ್ರಿ. ಅದು ತಪ್ಪು ಅಂದ್ರೆ ನಮ್ಮ ಮೇಲೇ ಸಿಟ್ಟಾಗ್ತಾರ.

ಉತ್ತರ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ

ತಪ್ಪು ಅನ್ನಲೇಬೇಡ್ರಿ. ಪೂಜಾರಪ್ಪನನ್ನೇ ಮೊದಲು ಕಂಡು ಬನ್ನಿ. ಗುಜರಾತಿನ ಉನಾವಾ ದರ್ಗಾದಲ್ಲಿ ಪ್ರಾರ್ಥನೆಯ ಜೊತೆಗೇ ಮನೋವೈದ್ಯರು ಕೂತು ಮಾತ್ರೆ ಕೊಡುವ ಏರ್ಪಾಡು ಮಾಡಿದರು, ಅಲ್ಲಿನವರೇ ರೋಗಿಗಳನ್ನು ಕಳಿಸತೊಡಗಿದರು. ‘ದೇವರಿಗೂ ನಡ್ಕೊಳ್ಳಿ, ಮಂಗಳವಾರ ದವಾಖಾನಿಗೂ ಹೋಗಿ’ ಎಂಬ ಮಾತು ಪೂಜಾರಪ್ಪನ ಬಾಯಿಂದ ಬರಲಿ. ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ: ಸರಪಳಿ ಹಾಕಿ ಕಟ್ಟುವುದು, ಹೊಡೆಯುವುದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ 28 ಜನ ಸತ್ತರು. ಸರಪಳಿ ಹಾಕುವುದನ್ನು 2017ರ ಕಾಯ್ದೆ ಸಂಪೂರ್ಣ ನಿಷೇಧಿಸಿದೆ. ಅಂಥದ್ದು ಕಂಡರೆ ಅದೇ ದಿನ ನಿಮ್ಮ ವೈದ್ಯಾಧಿಕಾರಿಗೂ ಪೊಲೀಸರಿಗೂ ತಿಳಿಸಿ.

ಮರುಪ್ರಶ್ನೆ: ಯುವಕ ಸಂಘದ ಕಾರ್ಯದರ್ಶಿ

ಹಾಗಾದ್ರೆ ಜಾಥಾ ಬಿಟ್ಟುಬಿಡೋದಾ ಮೇಡಂ?

ಉತ್ತರ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ

ಬಿಡಬೇಡಿ. ಅಕ್ಟೋಬರ್ 10ರ ಹತ್ತಿರದ ಮಂಗಳವಾರ ಇಟ್ಟುಕೊಂಡು ತಾಲ್ಲೂಕು ಆಸ್ಪತ್ರೆಯ ಗೇಟಿನಲ್ಲಿ ಮುಗಿಸಿ. ಒಳಗೆ ಸಾಲಲ್ಲಿ ರೋಗಿಗಳಿರುತ್ತಾರೆ, ಅಲ್ಲಿ ಘೋಷಣೆ, ಫೋಟೋ ಬೇಡ. ಪಂಚಾಯಿತಿ ಅಧ್ಯಕ್ಷರನ್ನು ಮಾತ್ರ ಒಳಗೆ ಕರೆದೊಯ್ದು ಮಾತ್ರೆ ಕೊಡುವ ಕಿಟಕಿ ತೋರಿಸಿ. ಫಾರ್ಮಸಿಯವರು ಒಪ್ಪಿದರೆ ದಾಸ್ತಾನು ಪುಸ್ತಕದ ಆ ಪುಟವನ್ನೂ.