ಗೇಟಿನ ಚಿಲಕದ ಸದ್ದಿಗೆ ಈಗಲೂ ಹೊಟ್ಟೆ ಹಿಂಡುತ್ತದೆ, ಅಪ್ಪನ ಸೇವೆಗೆ ಹೋಗಲೇಬೇಕಾ?

ಸಂಪಿಗೆಮರ ಬರೆದದ್ದು:

ನನಗೆ 36 ವರ್ಷ. ಮೈಸೂರಲ್ಲಿ ಗಂಡ, ಮಗಳ ಜೊತೆ ಇದ್ದೇನೆ. ಊರು ಹಾಸನದ ಕಡೆ. ಹೆಸರು ಹೇಳಲ್ಲ, ಅಲ್ಲಿ ನಮ್ಮಪ್ಪ ಎಲ್ಲರಿಗೂ ಗೊತ್ತು. ಮೇಷ್ಟ್ರಾಗಿದ್ದವರು. ಕುಡಿತ ಇಲ್ಲ, ಇಸ್ಪೀಟ್ ಇಲ್ಲ, ಬಡ ಮಕ್ಕಳಿಗೆ ಕೈಯಿಂದ ಫೀಸು ಕಟ್ಟಿದವರು. ಮೊದಲೇ ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯೊಳಗೆ ನಡೆದದ್ದನ್ನು ಹೇಳಿದಾಗೆಲ್ಲ ನನಗೆ ಸಿಕ್ಕಿದ ಉತ್ತರ ಒಂದೇ, "ಮೇಷ್ಟ್ರಾ? ಅಂಥವರಲ್ಲ ಬಿಡು".

ಸಂಜೆ ಐದೂವರೆಗೆ ಬರುತ್ತಿದ್ದರು. ಗೇಟಿನ ಚಿಲಕ ತೆಗೆಯುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು ಇವತ್ತು ಹೇಗಿದ್ದಾರೆ ಅಂತ. ಮೆಲ್ಲಗೆ ತೆಗೆದರೆ ಪರವಾಗಿಲ್ಲ. ಟಣ್ ಅಂತ ಬಡಿದರೆ ನಾನೂ ತಂಗಿಯೂ ಪುಸ್ತಕ ಹಿಡಿದು ಗೋಡೆಗೆ ಅಂಟಿಕೊಂಡು ಕೂರುತ್ತಿದ್ದೆವು. ಕಾರಣ ಏನು ಬೇಕಾದರೂ ಆಗಬಹುದಿತ್ತು. ಚಪ್ಪಲಿ ವಾರೆ ಬಿಟ್ಟದ್ದು, ತೊಳೆದ ಲೋಟ ಬೋರಲು ಹಾಕದೇ ಇದ್ದದ್ದು. ಹುಣಸೆ ಬರಲು ಬಾಗಿಲ ಮೇಲೆ ಸಿಕ್ಕಿಸಿರುತ್ತಿತ್ತು. ಹೊಡೆದ ಮೇಲೆ ಬಚ್ಚಲುಮನೆಗೆ ತಳ್ಳಿ ಹೊರಗಿನಿಂದ ಚಿಲಕ. ಒಳಗೆ ಕತ್ತಲು. ಹಂಡೆ ಒಲೆಯಲ್ಲಿ ಉಳಿದ ಕೆಂಡ ಮಾತ್ರ ಕಾಣುತ್ತಿತ್ತು. ಅದು ಆರುವವರೆಗೂ ಅದನ್ನೇ ನೋಡುತ್ತಾ ಕೂರುತ್ತಿದ್ದೆ, ಆರಿದ ಮೇಲೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಅಮ್ಮ ಹೊಡೆಯಲಿಲ್ಲ. ಬಿಡಿಸಲೂ ಇಲ್ಲ. "ಸುಮ್ನಿರು, ಅಕ್ಕಪಕ್ಕದವರಿಗೆ ಕೇಳಿಸುತ್ತೆ" ಅನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ಬರಲಿಗಿಂತ ಆ ಮಾತೇ ಈಗ ಜಾಸ್ತಿ ನೋಯುತ್ತದೆ.

ಮನೆ ಬಿಟ್ಟು 14 ವರ್ಷ ಆಯ್ತು. ನನ್ನ ಗಂಡ ದನಿ ಎತ್ತಿ ಮಾತಾಡುವವರೇ ಅಲ್ಲ. ಆದರೂ ಅವರು ಸಂಜೆ ಗೇಟು ತೆಗೆದರೆ ನನ್ನ ಕೈ ತಣ್ಣಗಾಗುತ್ತದೆ. ಪಾತ್ರೆ ಬಿದ್ದರೆ "ನಾನಲ್ಲ" ಅಂದುಬಿಡುತ್ತೇನೆ, ಮನೆಯಲ್ಲಿ ಒಬ್ಬಳೇ ಇದ್ದರೂ. ಮೊನ್ನೆ ಮಗಳು ಹಾಲು ಚೆಲ್ಲಿದಳು. ನಾನು ಏನೂ ಅನ್ನುವ ಮೊದಲೇ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ನಾನು ಅವಳಿಗೆ ಯಾವತ್ತೂ ಹೊಡೆದಿಲ್ಲ. ನನ್ನ ಮುಖದಲ್ಲಿ ಅವಳು ಏನು ನೋಡಿದಳೋ ಗೊತ್ತಿಲ್ಲ, ಅವತ್ತು ರಾತ್ರಿ ತುಂಬಾ ಅತ್ತೆ.

ಈಗ ಅಪ್ಪನಿಗೆ ಲಕ್ವ ಹೊಡೆದಿದೆ. ಅಮ್ಮನಿಗೆ ಒಬ್ಬಳಿಗೇ ಆಗಲ್ಲ, ಮೂರು ತಿಂಗಳು ಬಂದು ಇರು ಅನ್ನುತ್ತಿದ್ದಾರೆ. ಚಿಕ್ಕಪ್ಪ ಫೋನ್ ಮಾಡಿ "ಹಳೇದನ್ನೆಲ್ಲ ಮನಸ್ಸಲ್ಲಿ ಇಟ್ಕೋಬಾರದು" ಅಂದರು. ನಾನು ಇಟ್ಟುಕೊಂಡಿಲ್ಲ, ಅದೇ ನನ್ನನ್ನು ಬಿಡುತ್ತಿಲ್ಲ. ನಾನು ಕಲ್ಲು ಮನಸ್ಸಿನವಳಾ? ಹೀಗೆ ಬದುಕಿದವರು ಯಾರಾದರೂ ಇದ್ದರೆ ಹೇಳಿ.

ರಂಗಣ್ಣ ತಿಪಟೂರು ಬರೆದದ್ದು:

ತಾಯಿ, ನಿನ್ನ ನೋವು ಅರ್ಥವಾಗುತ್ತದೆ. ಆದರೆ ಆಗಿನ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹೊಡೆಯುತ್ತಿದ್ದರು. ನಾನೂ ತಿಂದಿದ್ದೇನೆ. ಹೆತ್ತವರು ಬಯ್ಯದೆ ಬೇರೆ ಯಾರು ಬಯ್ಯುತ್ತಾರೆ? ಈಗ ಅವರು ಹಾಸಿಗೆ ಹಿಡಿದಿದ್ದಾರೆ, ಅವರ ಕೈಯೇ ಏಳುವುದಿಲ್ಲ. ಹೋಗಿ ಸೇವೆ ಮಾಡು. ನಾಳೆ ಅವರು ಹೋದ ಮೇಲೆ ಕೊರಗುವುದಕ್ಕಿಂತ ಅದು ಮೇಲು.

ತುಂಗೆಯ ದಡ ಬರೆದದ್ದು:

ರಂಗಣ್ಣ ಸಾರ್, ವಯಸ್ಸಿನಲ್ಲಿ ದೊಡ್ಡವರು, ಬೇಜಾರು ಮಾಡ್ಕೋಬೇಡಿ. ತಪ್ಪು ಮಾಡಿದಾಗ ಒಂದು ಏಟು ತಿನ್ನುವುದು ಬೇರೆ, ದಿನಾ ಸಂಜೆ ಏಟು ಬೀಳುತ್ತೋ ಇಲ್ಲವೋ ಅಂತ ಕಾಯುವುದು ಬೇರೆ. ಮೊದಲನೆಯದೂ ಸರಿ ಅಂತ ನಾನು ಹೇಳುತ್ತಿಲ್ಲ. ನಾನು ಗಂಡಸು, 41 ವರ್ಷ, ನಮ್ಮ ಮನೆಯಲ್ಲಿ ಕೈ ಎತ್ತುತ್ತಿದ್ದವರು ದೊಡ್ಡಪ್ಪ. ಅವರು ತೀರಿಕೊಂಡು ಒಂಬತ್ತು ವರ್ಷವಾದರೂ ನಾನು ಇವತ್ತಿಗೂ ಬಾಗಿಲಿಗೆ ಬೆನ್ನು ಹಾಕಿ ಊಟಕ್ಕೆ ಕೂರುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲೂ ಗೋಡೆ ಪಕ್ಕದ ಎಲೆಯೇ ಬೇಕು. ಹೊಡೆಯುವ ಕೈ ಬಿದ್ದುಹೋದರೆ ಹೆದರಿಕೆಯೂ ಹೋಗುತ್ತದೆ ಅನ್ನುವುದು ನನ್ನ ಮಟ್ಟಿಗೆ ಸುಳ್ಳಾಯಿತು.

ಅಕ್ಕಾ, ನೀವು ಕಲ್ಲಲ್ಲ. ಕಲ್ಲಾಗಿದ್ದರೆ ಹಾಲು ಚೆಲ್ಲಿದ್ದಕ್ಕೆ ರಾತ್ರಿಯೆಲ್ಲ ಅಳುತ್ತಿರಲಿಲ್ಲ. ನನಗೆ ಯಾರ ಸಮಾಧಾನದಿಂದಲೂ ಹಗುರಾಗಲಿಲ್ಲ. ಒಂದು ಸಲ ನಮ್ಮ ಅತ್ತೆ, ಅಪ್ಪನ ತಂಗಿ, "ಅವತ್ತು ನಿನ್ನನ್ನು ಹೊಡೀತಿದ್ದಾಗ ನಾನು ಕಿಟಕಿಯಿಂದ ನೋಡಿದ್ದೆ ಕಣೋ, ಹೆದರಿ ಸುಮ್ಮನಾದೆ" ಅಂದರು. ಅಷ್ಟೇ. ನಡೆದದ್ದು ನಿಜ ಅಂತ ಮನೆಯವರೇ ಒಬ್ಬರು ಹೇಳಿದ ಮೊದಲ ಸಲ ಅದು.

ಬಿಳಿಕೋಟು ಬರೆದದ್ದು:

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಇಂಥವರನ್ನು ತಲೆನೋವು, ಹೊಟ್ಟೆ ಉರಿ, ನಿದ್ದೆ ಇಲ್ಲ ಅಂತ ಬಂದಾಗ ನೋಡುತ್ತೇನೆ, ಒಳಗಿನದು ಆಮೇಲೆ ಹೊರಗೆ ಬರುತ್ತದೆ. ವರ್ಷಗಟ್ಟಲೆ ಹೆದರಿಕೆಯಲ್ಲೇ ಬೆಳೆದ ಮಗುವಿನ ಮೈ ಸದಾ ಎಚ್ಚರವಾಗಿರುವುದನ್ನು ಕಲಿತುಬಿಡುತ್ತದೆ. ಚಿಲಕದ ಸದ್ದು ಕಿವಿಗೆ ಬಿದ್ದ ಕೂಡಲೇ, ಬಂದವರು ಅಪ್ಪನೋ ಗಂಡನೋ ಅಂತ ತಲೆ ಯೋಚಿಸುವ ಮೊದಲೇ, ಅಡ್ರಿನಲಿನ್ ಏರಿ ಎದೆ ಬಡಿದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ. ಅದು ನಿಮ್ಮ ದೌರ್ಬಲ್ಯ ಅಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ, ಐಸಿಡಿ-11ರಲ್ಲಿ, ಕಾಂಪ್ಲೆಕ್ಸ್ ಪಿಟಿಎಸ್‌ಡಿ ಅಂತ ಇದೆ. ಆಘಾತದ ನಂತರ ಉಳಿದುಬಿಡುವ ಮನಸ್ಸಿನ ತೊಂದರೆ ಅದು, ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ ಬಹಳ ಕಾಲ ಹಿಂಸೆ ಅನುಭವಿಸಿದವರಲ್ಲಿ ಕಾಣುವಂಥದ್ದು. ಸದಾ ಎಚ್ಚರ, ಹಳೆಯದು ಈಗಲೇ ನಡೆಯುತ್ತಿರುವ ಹಾಗೆ ಅನ್ನಿಸುವುದು, ಜೊತೆಗೆ ನಾನೇ ಸರಿಯಿಲ್ಲ ಅನ್ನುವ ನಾಚಿಕೆ. ನಿಮಗೆ ಅದೇ ಇದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ, ಡಾಕ್ಟರೇ ನೋಡಬೇಕು. ಆದರೆ ಇದಕ್ಕೆ ಚಿಕಿತ್ಸೆ ಇದೆ.

ಎಲ್ಲಿಂದ ಶುರು ಮಾಡುವುದು ಅಂದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಮೊದಲ ದಿನವೇ ಎಲ್ಲ ಹೇಳಬೇಕಿಲ್ಲ. ಚಿಲಕದ ವಿಷಯ ಒಂದೇ ಹೇಳಿ, ಸಾಕು.

ಇನ್ನೊಂದು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಇನ್ನೂ ಅಂಥ ಮನೆಯೊಳಗೇ ಇದ್ದರೆ, ಸಹಾಯವಾಣಿ ಇದೆ, ಮಕ್ಕಳಿಗೆ 1098, ಹೆಂಗಸರಿಗೆ 181. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬರೀ ಹೆಂಡತಿಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮಗಳು, ತಾಯಿ, ಅಕ್ಕ ತಂಗಿ ಎಲ್ಲರೂ ಅದರಲ್ಲಿ ಬರುತ್ತಾರೆ. ಬೈಗುಳ, ಅವಮಾನ, ದುಡ್ಡು ಕೊಡದೆ ಸತಾಯಿಸುವುದು ಕೂಡ ಅದರಲ್ಲಿ ದೌರ್ಜನ್ಯವೇ.

ಸೇವೆಯ ಮಾತಿಗೆ ಬಂದರೆ, ಹೆತ್ತವರ ಪೋಷಣೆಗೆ 2007ರ ಕಾಯ್ದೆ ಇದೆ, ಅದು ಹೆಣ್ಣುಮಕ್ಕಳಿಗೂ ಅನ್ವಯ. ಅದರಲ್ಲಿರುವುದು ಊಟ, ಬಟ್ಟೆ, ವಸತಿ, ಚಿಕಿತ್ಸೆ. ನೀವೇ ಪಕ್ಕದಲ್ಲಿ ಕೂತು ಗಂಜಿ ಕುಡಿಸಬೇಕು ಅಂತ ಅದರಲ್ಲಿ ಇಲ್ಲ. ಲಕ್ವ ಆದವರನ್ನು ಮಗ್ಗುಲು ಬದಲಿಸುವುದು, ಒರೆಸುವುದು, ಫಿಸಿಯೋಥೆರಪಿ ಮಾಡಿಸುವುದು, ಇದಕ್ಕೆ ಕಲಿತ ಕೈ ಬೇಕು. ಮನೆಗೆ ಬಂದು ನೋಡಿಕೊಳ್ಳುವವರನ್ನು ಇಟ್ಟು ಅವರ ಸಂಬಳ ನೀವು ಕೊಟ್ಟರೆ ಅದೂ ನೋಡಿಕೊಂಡ ಹಾಗೆಯೇ. ನಡುಗುವ ಕೈಯಿಂದ ನೀವು ಮೂರು ತಿಂಗಳು ಮಾಡಿದರೆ ಅವರಿಗೂ ಒಳ್ಳೆಯದಾಗಲ್ಲ, ನಿಮಗೂ ಇಲ್ಲ.

ಮಗಳ ವಿಷಯ ಮಾತ್ರ ಮುಂದಕ್ಕೆ ಹಾಕಬೇಡಿ. "ಅಮ್ಮನಿಗೆ ಹೆದರಿಕೆ ಆಗಿತ್ತು, ನಿನ್ನ ಮೇಲೆ ಸಿಟ್ಟಲ್ಲ" ಅಂತ ಅವಳಿಗೆ ಬಾಯಿಬಿಟ್ಟು ಹೇಳಿ. ಮಕ್ಕಳು ಕೇಳಿಸಿಕೊಳ್ಳುತ್ತಾರೆ.

ರಂಗಣ್ಣ ತಿಪಟೂರು ಬರೆದದ್ದು:

ನನ್ನ ಮಗ ಪುಣೆಯಲ್ಲಿದ್ದಾನೆ. ಫೋನ್ ಮಾಡಿದರೆ ಅವರಮ್ಮನ ಹತ್ತಿರ ಮಾತಾಡಿ ಇಟ್ಟುಬಿಡುತ್ತಾನೆ. ಕೆಲಸ ಜಾಸ್ತಿ ಅಂದುಕೊಂಡಿದ್ದೆ. ಇದನ್ನೆಲ್ಲ ಓದಿ ರಾತ್ರಿ ನಿದ್ದೆ ಹತ್ತಲಿಲ್ಲ. ಮೇಲೆ ಬರೆದ ಮಾತು ತಪ್ಪಾಯಿತು ತಾಯಿ.

ಸಂಪಿಗೆಮರ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಐದು ದಿನ ಬಿಟ್ಟು ಬರೆಯುತ್ತಿದ್ದೇನೆ.

ತುಂಗೆಯ ದಡ ಅವರು ಬರೆದ ಅವರ ಅತ್ತೆಯ ಮಾತು ಓದಿದ ಮೇಲೆ ತಂಗಿಗೆ ಫೋನ್ ಮಾಡಿದೆ. ಅವಳು ದುಬೈನಲ್ಲಿದ್ದಾಳೆ, ಇಷ್ಟು ವರ್ಷದಲ್ಲಿ ನಾವಿಬ್ಬರೂ ಈ ವಿಷಯ ಎತ್ತಿದ್ದೇ ಇಲ್ಲ. "ಬಚ್ಚಲುಮನೆ ನೆನಪಿದೆಯಾ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿನ್ನನ್ನು ಒಳಗೆ ಹಾಕಿದಾಗ ನಾನು ಬಾಗಿಲ ಹೊರಗೆ ಕೂತಿರುತ್ತಿದ್ದೆ ಕಣೇ. ನಿನಗೆ ಕೇಳಿಸಲಿ ಅಂತ ಉಗುರಲ್ಲಿ ಬಾಗಿಲು ಕೆರೀತಿದ್ದೆ" ಅಂದಳು. ನಾನು ಅದನ್ನು ಇಲಿ ಅಂದುಕೊಂಡಿದ್ದೆ. ಇಬ್ಬರೂ ತುಂಬಾ ಹೊತ್ತು ಅತ್ತೆವು.

ಆಳು ಇಡಲು ಇಬ್ಬರೂ ಸೇರಿ ದುಡ್ಡು ಕಳಿಸುತ್ತಿದ್ದೇವೆ. ಅಮ್ಮನಿಗೆ ಹೇಳಿದೆ, ಸಿಟ್ಟು ಮಾಡಿಕೊಂಡಿದ್ದಾಳೆ, ಫೋನ್ ತೆಗೆಯುತ್ತಿಲ್ಲ. 14416ಕ್ಕೆ ಮಾತಾಡಿದೆ, ಗುರುವಾರ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಅಪ್ಪನನ್ನು ನೋಡಲು ಹೋಗುತ್ತೇನೋ ಇಲ್ಲವೋ ಇನ್ನೂ ತೀರ್ಮಾನ ಮಾಡಿಲ್ಲ.

ನಮ್ಮ ಯಜಮಾನರು ನಿನ್ನೆ ಗೇಟಿನ ಚಿಲಕ ಬಿಚ್ಚಿ ತೆಗೆದರು. ಈಗ ಹಗ್ಗ ಕಟ್ಟಿದ್ದೇವೆ.